ಎರೆ ನೆಲದ ಪರದೆ

2022ರ ಅಕ್ಟೋಬರ್ 14, ಶುಕ್ರವಾರ. ಅಂದು ಕನ್ನಡ ಸಿನಿಮಾ ಮಂದಿಯ ಬಾಯಲ್ಲಿ ಇದ್ದದ್ದು ಒಂದೇ ಹೆಸರು, ‘ಕಾಂತಾರ’. ಸೆಪ್ಟೆಂಬರ್ 30ಕ್ಕೆ ತೆರೆಕಂಡು ಎರಡು ವಾರ ಥಿಯೇಟರುಗಳನ್ನು ತುಂಬಿಸಿದ್ದ ಚಿತ್ರ ಆ ದಿನ ಹಿಂದಿ ಮಾತು ಕಲಿತು ಉತ್ತರಕ್ಕೆ ಹೊರಟಿತ್ತು. ಅದೇ ದಿನ ದಕ್ಷಿಣ ಕೊರಿಯಾದ ಬಂದರು ನಗರ ಬೂಸಾನಿನಲ್ಲಿ 27ನೇ ಅಂತರರಾಷ್ಟ್ರೀಯ ಚಿತ್ರೋತ್ಸವ ಮುಗಿಯುತ್ತಿತ್ತು. ಏಷ್ಯಾದ ಹೊಸ ನಿರ್ದೇಶಕರ ಮೊದಲ ಅಥವಾ ಎರಡನೆಯ ಚಿತ್ರಕ್ಕೆ ಅಲ್ಲಿ ಆಗ ಕೊಡುತ್ತಿದ್ದ ‘ನ್ಯೂ ಕರೆಂಟ್ಸ್’ ಪ್ರಶಸ್ತಿಗೆ ಆ ವರ್ಷ ಎರಡು ಹೆಸರು ಬಂದವು. ಒಂದು ಕೊರಿಯಾದ್ದೇ, ‘ಎ ವೈಲ್ಡ್ ರೂಮರ್’. ಇನ್ನೊಂದು ‘ಶಿವಮ್ಮ’. ನಿರ್ದೇಶಕ ಜೈಶಂಕರ್ ಆರ್ಯರ್. ಒಂದೊಂದು ಚಿತ್ರಕ್ಕೆ 30,000 ಡಾಲರ್.

ಎರಡು ಸುದ್ದಿಗೂ ತಳುಕು ಹಾಕಿಕೊಂಡಿದ್ದ ಮನುಷ್ಯ ಒಬ್ಬರೇ, ರಿಷಬ್ ಶೆಟ್ಟಿ. ‘ಕಾಂತಾರ’ದ ನಾಯಕ-ನಿರ್ದೇಶಕರಾದ ಅವರೇ ‘ಶಿವಮ್ಮ’ದ ನಿರ್ಮಾಪಕರು. ಆದರೆ ಒಂದರ ಸದ್ದಿಗೆ ಇನ್ನೊಂದು ಕೇಳಿಸಲಿಲ್ಲ. ‘ಕಾಂತಾರ’ದ ದೈವದ ಕೂಗು ಅಷ್ಟು ಜೋರಾಗಿದ್ದಾಗ ಬಿಸಿಯೂಟದ ಅಡುಗೆ ಮಾಡುವ ಹೆಣ್ಣುಮಗಳೊಬ್ಬಳ ಗೊಣಗಾಟ ಯಾರ ಕಿವಿಗೆ ಬಿದ್ದೀತು?

ಚಿತ್ರದ ಪೂರ್ಣ ಹೆಸರು ‘ಶಿವಮ್ಮ ಯರೇಹಂಚಿನಾಳ’. ಹೆಂಗಸಿನ ಹೆಸರಿನ ಜೊತೆ ಅವಳ ಊರೂ ಸೇರಿದೆ, ನಮ್ಮ ಕಡೆ ಮಂದಿಯನ್ನು ಗುರುತಿಸುವುದೇ ಹಾಗೆ. ಯರೇಹಂಚಿನಾಳ ಈಗ ಕೊಪ್ಪಳ ಜಿಲ್ಲೆಯ ಕುಕನೂರು ತಾಲ್ಲೂಕಿನಲ್ಲಿದೆ. ಹೊಸ ತಾಲ್ಲೂಕು ಆಗುವ ಮೊದಲು ಯಲಬುರ್ಗಾಕ್ಕೆ ಸೇರಿತ್ತು. ಯರೆ ಅಂದರೆ ಕಪ್ಪು ನೆಲ. ಮಳೆಯಾದರೆ ಕಾಲಿಗೆ ಅಂಟಿ ಚಪ್ಪಲಿ ಕಿತ್ತುಕೊಳ್ಳುವ, ಬೇಸಿಗೆಯಲ್ಲಿ ಗೇಣಗಲ ಬಾಯಿ ಬಿಡುವ ಮಣ್ಣು. ಜೋಳ, ಕಡಲೆ ಅದರ ಬೆಳೆ. ಹತ್ತಿರದ ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಗುಡಿಯಿದೆ, ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯುತ್ತದೆ. ಕ್ಯಾಮೆರಾ ಹಿಡಿದವರು ಈ ಸೀಮೆಗೆ ಬಂದರೆ ಇಟಗಿಗೆ ಬರುತ್ತಿದ್ದರು, ಗುಡಿ ತೆಗೆದುಕೊಂಡು ಹೋಗುತ್ತಿದ್ದರು. ಗುಡಿಯ ಹಿಂದಿನ ಊರಿಗೆ ಬಂದವರು ಕಡಿಮೆ.

ಇಡೀ ಜಿಲ್ಲೆಯ ಕಥೆಯೇ ಹಾಗಿದೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಾಣಾಪುರದ ಬಂಡೆಗಳ ಮೇಲೆ ಎಷ್ಟು ಹಾಡುಗಳು ಕುಣಿದಿವೆಯೋ ಲೆಕ್ಕವಿಲ್ಲ. ಹೊಳೆ ದಾಟಿದರೆ ಹಂಪಿ. 2005ರ ‘ದಿ ಮಿಥ್’ ಚಿತ್ರಕ್ಕಾಗಿ ಜಾಕಿ ಚಾನ್ ಬಂದು ಅಲ್ಲಿ ಹಾರಿ ಜಿಗಿದು ಹೋದ. ಕಲ್ಲು ಚೆಂದ, ಬೆಳಕು ಚೆಂದ, ಭತ್ತದ ಗದ್ದೆಯ ಹಸಿರು ಚೆಂದ. ಆ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಣ್ಣುಮಕ್ಕಳನ್ನು ಮಾತ್ರ ಪ್ರತಿ ಸಲವೂ ಚೌಕಟ್ಟಿನಿಂದ ಆಚೆ ನಿಲ್ಲಿಸಿ ‘ಸ್ವಲ್ಪ ಸರೀರಮ್ಮಾ’ ಅಂದರು.

ಈಗ ಮಾತಿನ ವಿಷಯಕ್ಕೆ ಬರುತ್ತೇನೆ, ಇದನ್ನು ಬರೆಯಲು ಕುಳಿತದ್ದೇ ಅದಕ್ಕಾಗಿ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದಾಗ, ಕನ್ನಡದ ತಿರುಳು ಎಲ್ಲಿದೆ ಎಂಬುದಕ್ಕೆ ನಾಲ್ಕು ಊರಿನ ಗುರುತು ಹೇಳಿದ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲು ಇಂದಿನ ಪಟ್ಟದಕಲ್ಲು, ಪುಲಿಗೆರೆ ಲಕ್ಷ್ಮೇಶ್ವರ, ಕೊಪಣ ನಮ್ಮ ಕೊಪ್ಪಳ. ಯಲಬುರ್ಗಾ, ಕುಕನೂರು ಸೀಮೆ ಕೊಪ್ಪಳಕ್ಕೂ ಪಟ್ಟದಕಲ್ಲಿಗೂ ನಡುವೆ ಬರುತ್ತದೆ. ಅಂದರೆ ಗಡಿರೇಖೆಯ ಒಳಗೆ, ತಿರುಳಿನ ತಿರುಳಿನಲ್ಲಿ.

ಸಾವಿರದ ನೂರು ವರ್ಷದ ಮೇಲೆ ಕನ್ನಡ ಸಿನಿಮಾ ಮಾತಾಡಲು ಕಲಿತಾಗ ಈ ತಿರುಳಿಗೆ ಏನಾಯಿತು? ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ತೆರೆಕಂಡಿತು. ಅದನ್ನು ತೆಗೆದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ, ಮಾತು ನಾಟಕ ಕಂಪನಿಯ ಗ್ರಾಂಥಿಕ ಕನ್ನಡ. ಆಮೇಲೆ ಉದ್ಯಮ ಮದರಾಸಿನಲ್ಲಿ ನೆಲೆಯಾಗಿ, ಬೆಂಗಳೂರಿಗೆ ಬಂದು ಬೇರುಬಿಟ್ಟಿತು. ಸಿನಿಮಾದ ಕನ್ನಡ ಎಂದರೆ ಮೈಸೂರು ಸೀಮೆಯ ಕನ್ನಡ ಎಂದಾಯಿತು. ನಮ್ಮ ಮಾತಿಗೆ ಉಳಿದದ್ದು ಹಾಸ್ಯನಟನ ಪಾಲು. ನಾಯಕ ‘ಮಾಡುತ್ತಿದ್ದೇನೆ’ ಅಂದ, ಅವನ ಹಿಂದೆ ನಿಂತ ದಡ್ಡ ‘ಮಾಡಾಕತ್ತೀನ್ರಿ’ ಅಂದ, ಥಿಯೇಟರು ನಕ್ಕಿತು. ಕೊಪ್ಪಳದ ಥಿಯೇಟರಿನಲ್ಲಿ ಕುಳಿತ ನಾವೂ ನಕ್ಕೆವು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ (1979), ‘ಸಂಗೀತಾ’ (1981) ತರಹದ ಚಿತ್ರಗಳು ಬಂದು ಉತ್ತರದ ಮಾತಿಗೆ ಮಾನ ತಂದವು ನಿಜ. ಆದರೆ ಅವು ಹತ್ತು ವರ್ಷಕ್ಕೊಮ್ಮೆ ಬರುವ ಮಳೆ.

ಹಾಗಂತ ಈ ಸೀಮೆಗೆ ಪರದೆ ಹೊಸದೇನೂ ಆಗಿರಲಿಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ತೊಗಲುಗೊಂಬೆ ಆಟ ಅವರ ಕಸುಬು. ಆಡಿನ ಚರ್ಮವನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳ್ಳಗೆ ಕೆರೆದು, ಕೊರೆದು, ಬಣ್ಣ ಹಾಕುತ್ತಾರೆ. ಬಿಳಿ ಬಟ್ಟೆ ಕಟ್ಟಿ ಹಿಂದೆ ದೀಪ ಇಟ್ಟರೆ ರಾಮನೂ ರಾವಣನೂ ಬಣ್ಣದ ನೆರಳಾಗಿ ಎದ್ದು ನಿಲ್ಲುತ್ತಾರೆ. ಗಮನಿಸಬೇಕಾದದ್ದು ಭಾಷೆಯ ಹಂಚಿಕೆ. ರಾಮ ಪದ್ಯದಲ್ಲಿ ಮಾತಾಡುತ್ತಾನೆ, ನಡುವೆ ನುಗ್ಗುವ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಜೋಡಿ ಊರ ಮಾತಿನಲ್ಲಿ ಬೈದಾಡುತ್ತದೆ. ಅಲ್ಲೂ ನಮ್ಮ ಮಾತು ನಗೆಗೇ ಮೀಸಲು ಅನ್ನಿ. ಆದರೆ ಆ ಊರ ಮಾತು ಬಂದಾಗಲೇ ಮಲಗಿದ್ದ ಮಕ್ಕಳು ಎದ್ದು ಕೂರುತ್ತಿದ್ದರು ಎಂಬುದು ಆಟ ನೋಡಿದವರಿಗೆಲ್ಲ ಗೊತ್ತು.

ನೆರಳಿನ ಪರದೆಯಿಂದ ಟಾಕೀಸಿನ ಪರದೆಗೆ ಬರುವ ಹೊತ್ತಿಗೆ ಈ ನೆಲ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಕಚೇರಿಯ ಭಾಷೆ ಉರ್ದು. ಕನ್ನಡ ಶಾಲೆಯೇ ಅಪರೂಪವಾದ ಕಡೆ ಕನ್ನಡ ಸಿನಿಮಾ ದೂರದ ಮಾತು. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮಶಾಹಿ ಮುಗಿಯಿತು, 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯ ಭಾಗವಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಮೈಸೂರು ರಾಜ್ಯಕ್ಕೆ ಬಂದವು. ನಾಲ್ಕೂ ಸೇರಿ ಸ್ವಂತ ಜಿಲ್ಲೆ ಆದದ್ದು 1997ರಲ್ಲಿ. ಈ ನಡುವೆ ಸುಗ್ಗಿ ಮುಗಿದ ಹೊಲದಲ್ಲಿ, ಜಾತ್ರೆಯ ಬಯಲಲ್ಲಿ ಟೆಂಟ್ ಹೊಡೆದು ಟೂರಿಂಗ್ ಟಾಕೀಸಿನವರು ತೋರಿಸಿದ್ದನ್ನು ಮಂದಿ ನೋಡಿದರು. ನೆಲದ ಟಿಕೆಟ್ಟಿಗೆ ನೆಲ, ಅದೇ ಎರೆ ಮಣ್ಣು. ರೀಲು ಬದಲಿಸುವಾಗ ದೀಪ ಹತ್ತುತ್ತಿತ್ತು, ಕಡಲೆಕಾಯಿ ಸಿಪ್ಪೆ ಜಾಡಿಸಿ ಮತ್ತೆ ಕೂರುತ್ತಿದ್ದರು. ಪರದೆಯ ಮೇಲೆ ಇದ್ದವರು ಬೇರೆ, ಕೆಳಗೆ ಕೂತವರು ಬೇರೆ. ಹಾಗೇ ಇರಬೇಕು ಅಂತಲೇ ಎಲ್ಲರೂ ತಿಳಿದಿದ್ದರು.

ಆ ನಂಬಿಕೆ ಮೊದಲು ಅಲುಗಿದ್ದು ನಮ್ಮಲ್ಲಲ್ಲ, ಮಂಡ್ಯದ ಕಡೆ. ರಾಮ್ ರೆಡ್ಡಿ ಅವರ ‘ತಿಥಿ’ 2015ರಲ್ಲಿ ಲೊಕಾರ್ನೋದಲ್ಲಿ ಚಿನ್ನದ ಚಿರತೆ ಗೆದ್ದಾಗ, ನೊದೆಕೊಪ್ಪಲು ಊರಿನ ಮುದುಕರು, ಹುಡುಗರು ನಟರಾಗಿದ್ದರು. ಹೆಸರಲ್ಲಿ ‘ಕೊಪ್ಪಲು’ ಕಂಡು ಅದು ನಮ್ಮ ಕೊಪ್ಪಳವೇ ಅಂದುಕೊಂಡು ಖುಷಿಪಟ್ಟವರು ನಮ್ಮಲ್ಲಿ ಇಬ್ಬರು ಮೂವರಾದರೂ ಇದ್ದರು, ನಾನೂ ಅವರಲ್ಲೊಬ್ಬ. ಮಂಡ್ಯದ ಮಾತು ಸಿನಿಮಾದಲ್ಲಿ ಹೀಗೆ ಕಾಲು ಚಾಚಿ ಕೂರಬಹುದಾದರೆ, ಎಂಬ ಯೋಚನೆ ಎಷ್ಟೋ ಹೊಸ ಹುಡುಗರಿಗೆ ಬಂದದ್ದು ಅಲ್ಲಿಂದಲೇ.

ಜೈಶಂಕರ್ ಸಾಫ್ಟ್‌ವೇರ್ ಕೆಲಸದಿಂದ ಸಿನಿಮಾಕ್ಕೆ ಬಂದವರು. ಅವರ ಕೆಲಸವನ್ನು ಮೊದಲು ಪರದೆಯ ಮೇಲೆ ಕಂಡದ್ದು 2019ರ ಡಿಸೆಂಬರಿನಲ್ಲಿ, ‘ಕಥಾಸಂಗಮ’ದಲ್ಲಿ. ಪುಟ್ಟಣ್ಣ ಕಣಗಾಲ್ 1976ರಲ್ಲಿ ಮೂರು ಕಥೆ ಹೆಣೆದು ಅದೇ ಹೆಸರಿನ ಚಿತ್ರ ಮಾಡಿದ್ದರು. ಅವರ ನೆನಪಿಗೆ ರಿಷಬ್ ಶೆಟ್ಟಿ ಏಳು ಮಂದಿ ನಿರ್ದೇಶಕರಿಂದ ಏಳು ಕಿರುಕಥೆ ಮಾಡಿಸಿದರು. ಅದರಲ್ಲಿ ಜೈಶಂಕರ್ ಪಾಲಿಗೆ ಬಂದದ್ದು ‘ಲಚ್ಚವ್ವ’. ಉತ್ತರ ಕರ್ನಾಟಕದ ಹಳ್ಳಿಯ ಮುದುಕಿಯೊಬ್ಬಳು ಬೆಂಗಳೂರಿಗೆ ಬಂದು ದಾರಿ ತಪ್ಪುತ್ತಾಳೆ. ಕಥೆ ಇಷ್ಟೇ. ಉಳಿದ ಆರರ ನಡುವೆ ಅದು ಸಣ್ಣದಾಗಿ, ಸದ್ದಿಲ್ಲದೆ ಇತ್ತು. ಆದರೆ ಆ ಅಜ್ಜಿ ಬಾಯಿ ತೆರೆದ ಕೂಡಲೇ ನಮ್ಮ ಕಡೆಯವರಿಗೆ ತಿಳಿಯಿತು, ಈಕೆ ನಟಿಸುತ್ತಿಲ್ಲ ಅಂತ. ಅವಳನ್ನು ನೋಡಿ ಯಾರೂ ನಗಲಿಲ್ಲ ಕೂಡ.

ಮೂರು ವರ್ಷದ ನಂತರ ‘ಶಿವಮ್ಮ’. ಈ ಸಲ ಹಳ್ಳಿಯಿಂದ ಅಜ್ಜಿಯನ್ನು ನಗರಕ್ಕೆ ಕರೆತರುವ ಬದಲು ಕ್ಯಾಮೆರಾವೇ ಹಳ್ಳಿಗೆ ಹೋಯಿತು. ಶಿವಮ್ಮನಾಗಿ ನಟಿಸಿದವರು ಶರಣಮ್ಮ ಚೆಟ್ಟಿ. ಸುತ್ತಲಿನ ಮುಖಗಳೂ ಬಹುಮಟ್ಟಿಗೆ ಆ ಕಡೆಯ ಊರಿನವರದೇ. ಕಥೆಯ ಶಿವಮ್ಮ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಗಂಡ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾನೆ. ಮಗಳ ಮದುವೆ ಎದುರಿಗಿದೆ. ಕೈಯಲ್ಲಿದ್ದ ದುಡ್ಡನ್ನು ಶಿವಮ್ಮ ಒಂದು ‘ಎನರ್ಜಿ’ ಪೇಯದ ನೆಟ್‌ವರ್ಕ್ ವ್ಯಾಪಾರಕ್ಕೆ ಸುರಿಯುತ್ತಾಳೆ.

ಬಿಸಿಯೂಟದ ಅಡುಗೆಮನೆಯನ್ನು ಒಮ್ಮೆ ಹೊಕ್ಕು ನೋಡಬೇಕು. ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾದದ್ದು 2002ರ ಜೂನ್‌ನಲ್ಲಿ, ಮೊದಲು ಈಶಾನ್ಯದ ಏಳು ಜಿಲ್ಲೆಗಳಲ್ಲಿ, ಅವುಗಳಲ್ಲಿ ಕೊಪ್ಪಳವೂ ಒಂದು. ಅಂದರೆ ನಮ್ಮೂರುಗಳ ಹೆಣ್ಣುಮಕ್ಕಳು ಈ ಕೆಲಸದಲ್ಲಿ ಎಲ್ಲರಿಗಿಂತ ಹಳಬರು. ತೋಳುದ್ದದ ಸೌಟು, ಮಗು ಕೂರುವಷ್ಟು ದೊಡ್ಡ ಅಲ್ಯೂಮಿನಿಯಂ ಬೋಗುಣಿ, ಅನ್ನ ಬಸಿಯುವಾಗ ಮುಖಕ್ಕೆ ಹೊಡೆಯುವ ಹಬೆ. ಹೊಟ್ಟೆ ತುಂಬಿದ ಮಕ್ಕಳು ತಟ್ಟೆ ತೊಳೆದು ಓಡಿದ ಮೇಲೆ ತಳ ಹತ್ತಿದ ಬೋಗುಣಿಗೆ ಬೂದಿ ಹಾಕಿ ತಿಕ್ಕುವ ಸದ್ದು. ಬೂಸಾನಿನಲ್ಲಿ ಪ್ರಶಸ್ತಿ ಬಂದ ವರ್ಷ ಮುಖ್ಯ ಅಡುಗೆಯವರ ತಿಂಗಳ ಗೌರವಧನ ನಾಲ್ಕು ಸಾವಿರ ರೂಪಾಯಿ ಮುಟ್ಟಿರಲಿಲ್ಲ. ಅದನ್ನು ಸಂಬಳ ಅನ್ನುವಂತಿಲ್ಲ, ಗೌರವಧನ. ಇಂಥ ಕೈಗೆ ಒಂದು ಹೊಳೆಯುವ ಡಬ್ಬಿ ಸಿಕ್ಕು, ‘ಅಕ್ಕಾರ, ನೀವು ಇಬ್ಬರನ್ನ ಸೇರಿಸಿದ್ರ ಸಾಕು’ ಎಂದು ಕೋಟು ತೊಟ್ಟ ಹುಡುಗನೊಬ್ಬ ಹೇಳಿದರೆ ಆಕೆ ಯಾಕೆ ನಂಬಬಾರದು?

ನಮ್ಮ ಓಣಿಯಲ್ಲೂ ಇಂಥ ಡಬ್ಬಿ ಬಂದಿತ್ತು. ಯಾವ ಕಂಪನಿಯದೆಂದು ಹೇಳುವುದು ಬೇಡ. ಸಕ್ಕರೆ ಕಾಯಿಲೆ, ಮೊಣಕಾಲು ನೋವು, ಮಕ್ಕಳಾಗದಿರುವುದು ಎಲ್ಲಕ್ಕೂ ಒಂದೇ ಪುಡಿ. ಲೆಕ್ಕ ಮಾತ್ರ ಯಾರೂ ಹಾಕಲಿಲ್ಲ. ಒಬ್ಬರು ಇಬ್ಬರನ್ನು, ಆ ಇಬ್ಬರೂ ತಲಾ ಇಬ್ಬರನ್ನು ಸೇರಿಸುತ್ತ ಹೋದರೆ ಇಪ್ಪತ್ತನೆಯ ಮೆಟ್ಟಿಲಿಗೆ ಒಟ್ಟು ಮಂದಿ 20 ಲಕ್ಷ ದಾಟುತ್ತಾರೆ. 2011ರ ಜನಗಣತಿಯ ಪ್ರಕಾರ ಇಡೀ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13,89,920. ತೊಟ್ಟಿಲ ಕೂಸನ್ನೂ ಬಿಡದೆ ಸೇರಿಸಿದರೂ ಸಾಲದು. 1978ರಿಂದಲೇ ಹಣ ಚಲಾವಣೆಯ ಇಂಥ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ ಇದೆ, 2021ರ ಡಿಸೆಂಬರಿನಲ್ಲಿ ನೇರ ಮಾರಾಟಕ್ಕೆ ಹೊಸ ನಿಯಮಗಳೂ ಬಂದು ಪಿರಮಿಡ್ಡು ಕಟ್ಟುವುದನ್ನು ತಡೆದವು. ಕಾಯ್ದೆ ಬೆಂಗಳೂರು, ದಿಲ್ಲಿಯಲ್ಲಿರುತ್ತದೆ. ಡಬ್ಬಿ ಕಟ್ಟೆಯ ಮೇಲೆ ಇರುತ್ತದೆ.

ಜೈಶಂಕರ್ ಅವರ ಹೆಚ್ಚುಗಾರಿಕೆ ನನಗೆ ಕಂಡದ್ದು ಇಲ್ಲಿ: ಅವರು ಶಿವಮ್ಮನನ್ನು ಮೋಸಹೋದ ಮುಗ್ಧೆ ಮಾಡಿಲ್ಲ. ಅವಳಲ್ಲಿ ಹಟವಿದೆ, ಆಸೆಯಿದೆ, ಸುಳ್ಳೂ ಇದೆ. ತಾನು ಕುಡಿಯುವುದು, ಗಂಡನಿಗೆ ಕುಡಿಸುವುದು, ನೆರೆಯವರ ತಲೆಗೆ ಕಟ್ಟುವುದು ಎಲ್ಲವನ್ನೂ ಒಂದೇ ಉಮೇದಿನಲ್ಲಿ ಮಾಡುತ್ತಾಳೆ. ಬಡವರ ಮೇಲೆ ಕರುಣೆ ಸುರಿಸುವ ಚಿತ್ರಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ, ಅಂಥ ಚಿತ್ರದ ಬಡವನಿಗೆ ಆಸೆಬುರುಕನಾಗುವ ಹಕ್ಕೂ ಇರುವುದಿಲ್ಲ. ಶಿವಮ್ಮನಿಗೆ ಆ ಹಕ್ಕು ಸಿಕ್ಕಿದೆ. ಅದಕ್ಕೇ ಅವಳ ಮೇಲೆ ಸಿಟ್ಟು ಬರುತ್ತದೆ, ನಮ್ಮ ಮನೆಯ ಹಿರಿಯಕ್ಕನ ಮೇಲೆ ಬಂದ ಹಾಗೆ. ದೂರೂ ಒಂದಿದೆ. ದ್ವಿತೀಯಾರ್ಧದಲ್ಲಿ ಚಿತ್ರ ಒಂದೇ ಏಟಿಗೆ ಹಲವು ಸಂಕಟಗಳನ್ನು ಹೊತ್ತು ಸ್ವಲ್ಪ ಏದುಸಿರು ಬಿಡುತ್ತದೆ.

ನೋಡುತ್ತಿದ್ದಾಗ ನೆನಪಾದದ್ದು ಕನ್ನಡದವರಾರೂ ಅಲ್ಲ, ಜಪಾನಿನವನೊಬ್ಬ. ಜಪಾನ್ ಅಂದ ಕೂಡಲೇ ನಮಗೆ ಕುರೊಸಾವಾ. ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ (1978) ಮಾಡಿದ್ದು ಅವನ ಸಮುರಾಯ್ ಚಿತ್ರಗಳ ಗುಂಗಿನಲ್ಲೇ. ನಾನು ಹೇಳುತ್ತಿರುವುದು ಹಿರೋಶಿ ಶಿಮಿಜು ಎಂಬ ಅಷ್ಟು ಹೆಸರಿಲ್ಲದವನನ್ನು. 1903ರಲ್ಲಿ ಹುಟ್ಟಿದವನು, ಹೆಸರಾಂತ ಓಜುವಿನ ಓರಗೆಯವನು, ಗೆಳೆಯ. ಇಪ್ಪತ್ತೊಂದನೆಯ ವಯಸ್ಸಿಗೇ ನಿರ್ದೇಶಕನಾಗಿ 160ಕ್ಕೂ ಹೆಚ್ಚು ಚಿತ್ರ ಮಾಡಿದ. ಅವುಗಳಲ್ಲಿ ಬಹಳಷ್ಟು ಕಳೆದುಹೋಗಿವೆ. 1966ರಲ್ಲಿ ತೀರಿಕೊಂಡ ಮೇಲೆ ಅವನನ್ನು ಹೊರಗಿನವರು ಬಹುತೇಕ ಮರೆತರು. ಸ್ಟುಡಿಯೋದ ಸೆಟ್ಟು ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಕ್ಯಾಮೆರಾ ಎತ್ತಿಕೊಂಡು ರಸ್ತೆಗೆ ಹೋಗಿಬಿಡುತ್ತಿದ್ದ. ಯುದ್ಧ ಮುಗಿದ ಮೇಲೆ ಅನಾಥರಾದ ಮಕ್ಕಳನ್ನು ತಾನೇ ಸಾಕಿ, 1948ರಲ್ಲಿ ಅವರನ್ನೇ ನಟರಾಗಿಸಿ ‘ಜೇನುಗೂಡಿನ ಮಕ್ಕಳು’ ಎಂಬ ಚಿತ್ರ ಮಾಡಿದ.

ಅವನ 1936ರ ಚಿತ್ರವೊಂದಿದೆ, ‘ಅರಿಗಾತೊ-ಸಾನ್’. ‘ಥ್ಯಾಂಕ್ಯೂ ಅಣ್ಣ’ ಅನ್ನಬಹುದು. ಇಜು ಎಂಬ ಬೆಟ್ಟದ ಸೀಮೆಯಲ್ಲಿ ಬಸ್ಸು ಓಡಿಸುವವನೊಬ್ಬ, ದಾರಿ ಬಿಟ್ಟುಕೊಟ್ಟ ಗಾಡಿಯವನಿಗೂ ಕೋಳಿಗೂ ಥ್ಯಾಂಕ್ಯೂ ಹೇಳುತ್ತ ಹೋಗುತ್ತಾನೆ. ಬಸ್ಸಿನ ಹಿಂದಿನ ಸೀಟಿನಲ್ಲಿ ತಾಯಿಯೊಬ್ಬಳು ಮಗಳನ್ನು ಮಾರಲು ಟೋಕಿಯೋಗೆ ಕರೆದೊಯ್ಯುತ್ತಿದ್ದಾಳೆ. ನಡುವೆ ಒಂದು ಕಡೆ ಬಸ್ಸು ನಿಲ್ಲುತ್ತದೆ. ಆ ರಸ್ತೆ ಕಟ್ಟಿದ ಕೊರಿಯಾದ ಕೂಲಿಗಳ ಗುಂಪು ಗಂಟುಮೂಟೆ ಹೊತ್ತು ಮುಂದಿನ ಕೆಲಸಕ್ಕೆ ಹೊರಟಿದೆ. ಅವರಲ್ಲೊಬ್ಬ ಹುಡುಗಿ ಚಾಲಕನ ಹತ್ತಿರ ಬಂದು, ತನ್ನ ಅಪ್ಪನ ಗೋರಿ ಇಲ್ಲೇ ಉಳಿಯಿತು, ದಾರಿಯಲ್ಲಿ ಹೋಗುವಾಗ ಅದಕ್ಕೆ ಹೂವಿಡು ಎಂದು ಕೇಳುತ್ತಾಳೆ. ಕಟ್ಟಿದ ರಸ್ತೆಯ ಮೇಲೆ ಅವರು ಒಮ್ಮೆಯೂ ಬಸ್ಸು ಹತ್ತಿದವರಲ್ಲ.

ಕುಷ್ಟಗಿ, ಯಲಬುರ್ಗಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರೆಯ ಅಣೆಕಟ್ಟು ಮುಗಿದು 1953ರಿಂದ ಎಡದಂಡೆ ಕಾಲುವೆಯಲ್ಲಿ ನೀರು ಹರಿದಾಗ ಗಂಗಾವತಿ ಭತ್ತದ ಕಣಜವಾಯಿತು. ಮೇಲಿನ ಎರಡು ತಾಲ್ಲೂಕು ಮಳೆಯ ಮುಖ ನೋಡುತ್ತಲೇ ಉಳಿದವು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಕಾವಲಿಗೆ ಬಿಟ್ಟು, ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುವುದು ಇಲ್ಲಿನ ಹಳೆಯ ರೂಢಿ. ಆ ಕಟ್ಟಡಗಳಲ್ಲಿ ಒಂದೆರಡು ಮಲ್ಟಿಪ್ಲೆಕ್ಸುಗಳೂ ಇದ್ದಾವು. ಒಳಗೆ ಹೋಗಿ ಸಿನಿಮಾ ನೋಡಿದವರನ್ನು ನಾನು ಕೇಳಿಲ್ಲ. ಶಿವಮ್ಮನಿಗೆ ಡಬ್ಬಿಯ ಮೇಲೆ ಅಷ್ಟು ನಂಬಿಕೆ ಹುಟ್ಟಿದ್ದರ ಹಿಂದೆ ಈ ಗುಳೆಯ ಭಯವಿದೆ ಅಂತ ನನಗನಿಸುತ್ತದೆ. ಊರು ಬಿಡದೆ ಬದುಕುವ ದಾರಿ ಯಾರು ತೋರಿಸಿದರೂ ಹಿಂದೆ ಹೋಗುವ ಮಂದಿ ನಾವು.

ಜೈಶಂಕರ್ ಶಿಮಿಜುವಿನ ಶಿಷ್ಯರೆಂದು ನಾನು ಹೇಳುತ್ತಿಲ್ಲ. ಇಬ್ಬರಲ್ಲೂ ಒಂದೇ ಬಗೆಯ ಸಂಕೋಚ ಕಾಣುತ್ತದೆ ಅಷ್ಟೆ. ಇನ್ನೊಬ್ಬರ ಮನೆಗೆ ಹೋದಾಗ ಬಾಗಿಲಲ್ಲೇ ನಿಂತು, ಕರೆದರೆ ಮಾತ್ರ ಒಳಗೆ ಹೋಗುವವರ ಸಂಕೋಚ. ಕೊರಿಯಾದ ಕೂಲಿಗಳಿಗೆ ಜಪಾನಿನ ಸಿನಿಮಾದಲ್ಲಿ ಆ ಒಂದು ನಿಲುಗಡೆ ಕೊಟ್ಟವನು ಶಿಮಿಜು. ಎಂಬತ್ತಾರು ವರ್ಷದ ಮೇಲೆ ಕೊರಿಯಾದ ಬಂದರಿನಲ್ಲಿ ಕೂತು ಯರೇಹಂಚಿನಾಳದ ಹೆಂಗಸಿಗೆ ಮೊದಲ ಮರ್ಯಾದೆ ಕೊಟ್ಟವರು ಆ ಕೂಲಿಗಳ ನಾಡಿನವರು. ಕಾಕತಾಳೀಯವೇ ಇರಲಿ, ನನಗೆ ಹಿಡಿಸಿತು.

ಬೂಸಾನಿನ ನಂತರ ‘ಶಿವಮ್ಮ’ ಫ್ರಾನ್ಸಿನ ನಾಂತ್ ಸೇರಿ ಹಲವು ಉತ್ಸವ ಸುತ್ತಿತು. ಕರ್ನಾಟಕದ ಥಿಯೇಟರಿಗೆ ಬಂದದ್ದು 2024ರ ಜೂನ್ 14ರಂದು, ಪ್ರಶಸ್ತಿ ಬಂದು ಇಪ್ಪತ್ತು ತಿಂಗಳ ಮೇಲೆ. ಅದೇ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಶಿಮಿಜುವಿನ ಚಿತ್ರಗಳನ್ನು ಹುಡುಕಿ ತಂದು ಸಾಲಾಗಿ ತೋರಿಸಿದರು, ಅವನು ಸತ್ತು ಸುಮಾರು 58 ವರ್ಷವಾಗಿತ್ತು. ನಮ್ಮ ಶಿವಮ್ಮ ಅಷ್ಟು ಕಾಯಬೇಕಾಗಿಲ್ಲ ಎಂಬುದು ನನ್ನ ಆಸೆ.

‘ಮಾಡಾಕತ್ತೀನಿ’ ಎಂಬ ಮಾತನ್ನು ಒಡೆದು ನೋಡಿದರೆ ‘ಮಾಡಲಿಕ್ಕೆ ಹತ್ತಿದ್ದೇನೆ’ ಎಂದಾಗುತ್ತದೆ. ಬೆಟ್ಟ ಹತ್ತುವ ಹಾಗೆ ಕೆಲಸವನ್ನು ಹತ್ತುವುದು. ಮೈಸೂರಿನ ‘ಮಾಡುತ್ತಿದ್ದೇನೆ’ಯಲ್ಲಿ ಕೆಲಸ ನಡೆಯುತ್ತಿರುತ್ತದೆ, ನಮ್ಮ ‘ಮಾಡಾಕತ್ತೀನಿ’ಯಲ್ಲಿ ಕೆಲಸದ ಏರು ಕಾಣುತ್ತದೆ. ಚಿತ್ರದ ಉದ್ದಕ್ಕೂ ಬರುವ ಇಂಥ ಏರಿನ ಮಾತು ಬೂಸಾನಿನ ತೀರ್ಪುಗಾರರಿಗೆ ಸಬ್‌ಟೈಟಲ್‌ನಲ್ಲಿ ಸಿಕ್ಕಿರಲಾರದು. ನಿಮಗೆ ಸಿಗುತ್ತದೆ. ‘ಶಿವಮ್ಮ’ ನೋಡುವ ಅವಕಾಶ ಬಂದರೆ ಬಿಡಬೇಡಿ, ನೋಡುವಾಗ ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿದ್ದರೆ ಅದನ್ನು ಓದಬೇಡಿ.